ಗಾಳಿ ಕುಡಿದ ಬಾಟಲಿ

ಜೂನ್ ೧೦

ಮಗಳೇ,

ನಿನ್ನ ಕಾಗದ ಬಂತು. ಮೊದಲು ಕನ್ನಡಕ ಇಲ್ಲದೆ ಓದಿದೆ, ಆಮೇಲೆ ಕನ್ನಡಕ ಹಾಕಿಕೊಂಡು ಓದಿದೆ, ಕೊನೆಗೆ ಸಿಟ್ಟು ಮಾಡಿಕೊಂಡು ಓದಿದೆ. ನನಗೆ ತಿಳಿದದ್ದು ಇಷ್ಟೇ: ನೀನು ಗಟ್ಟಿಮುಟ್ಟಾಗಿದ್ದೀಯ, ಹೊತ್ತು ಹೊತ್ತಿಗೆ ಉಣ್ಣುತ್ತಿಲ್ಲ, ಮತ್ತು ಬೋರಾನ್ ಅನ್ನುವ ಯಾವುದೋ ಪದಾರ್ಥ ನೀನು ಕೂರು ಅಂದ ಜಾಗದಲ್ಲೇ ಹೋಗಿ ಕೂತಿದೆ. ಆ ಖುಷಿಗೆ ನೀನು ಪ್ರಯೋಗಶಾಲೆಯ ಮೆಟ್ಟಿಲ ಮೇಲೆ ಕುಣಿದೆಯಂತೆ, ಕಸ ಗುಡಿಸುವವಳು ನೋಡಿ ನಕ್ಕಳಂತೆ. ಆ ಭಾಗ ಮಾತ್ರ ಚೆನ್ನಾಗಿ ಅರ್ಥವಾಯಿತು.

ಉಳಿದದ್ದನ್ನು ಮತ್ತೆ ಬರಿ. ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವಳು ನಾನು ಅನ್ನುವುದನ್ನು ನೆನಪಿಟ್ಟುಕೊಂಡು ಬರಿ. ಆದರೆ ಅಡುಗೆಮನೆಯ ಹೋಲಿಕೆ ಕೊಡಬೇಡ. ಹೆಂಗಸು ಅಂದ ತಕ್ಷಣ ಎಲ್ಲರೂ ಸೌಟು ಹಿಡಿದುಕೊಂಡು ವಿವರಿಸಲು ಬರುತ್ತಾರೆ. ನನ್ನ ಅಡುಗೆ ಎಂಥದ್ದೆಂದು ಅದನ್ನೇ ತಿಂದು ಬೆಳೆದ ನಿನಗೆ ಬೇರೆ ಹೇಳಬೇಕೆ? ಬಾಗಿಲು, ಕಿಟಕಿ, ಬಣ್ಣ, ಬ್ರಷ್ಷು, ಇದರಲ್ಲಿ ಹೇಳು, ತಲೆಗೆ ಹೋಗುತ್ತದೆ.

ಫೋನ್ ಮಾಡಲೇ ಅಂತ ಕೇಳಿದ್ದೀಯ. ಬೇಡ. ಗೋಡೆ ಉಜ್ಜುವ ಮೆಷಿನ್ನು ನನ್ನ ಕಿವಿಯನ್ನೂ ಉಜ್ಜಿ ನುಣ್ಣಗೆ ಮಾಡಿಬಿಟ್ಟಿದೆ. ಫೋನಿನಲ್ಲಿ ನನಗೆ ಕೇಳಿಸುವುದು ‘ಹಲೋ’ ಮತ್ತು ‘ಇಡ್ತೀನಿ’. ನಡುವಿನದೆಲ್ಲ ಗಾಳಿ.

ಈಗ ಬೈಗುಳಕ್ಕೆ ಬರುತ್ತೇನೆ. ಕೊನೇ ಪುಟದಲ್ಲಿ ಏನೂ ಆಗದವಳ ಹಾಗೆ ಒಂದು ಮಾತು ಬರೆದಿದ್ದೀಯ: ಬೋರಾನನ್ನು ಕೂರಿಸಲು ಬಳಸಿದ ಆ ಲೋಹದ ಪುಡಿಯ ಬಾಟಲಿ ನಿನಗಿಂತ ಮುಂಚೆ ಇದ್ದವರ ಕಾಲದ್ದು, ಮುಚ್ಚಳ ಸೀಳಿದೆ, ಕೆಂಪಗಿರಬೇಕಾದ ಪುಡಿ ಕಂದು ಬಣ್ಣಕ್ಕೆ ತಿರುಗಿದೆ. ಲೇ, ನನ್ನ ಅಣ್ಣನ ಮಗಳಾಗಿ, ನನ್ನ ಮನೆಯಲ್ಲಿ ಬೆಳೆದು ಇದನ್ನೇನಾ ಕಲಿತದ್ದು? ನಮ್ಮ ಗೋದಾಮಿನಲ್ಲಿ ಒಮ್ಮೆ ಗಾಳಿ ಕುಡಿದು ಕೆನೆಗಟ್ಟಿದ ಬಣ್ಣದ ಡಬ್ಬಿ ಎಷ್ಟೇ ತುಂಬಿರಲಿ, ಅದು ಕಸದ ಪಾಲು. ಅದರಲ್ಲಿ ಬಳಿದ ಬಾಗಿಲು ಇವತ್ತು ಹೊಳೆಯುತ್ತದೆ, ನಾಳೆ ಸಿಪ್ಪೆ ಏಳುತ್ತದೆ. ನಿನ್ನದು ಇವತ್ತು ಹೊಳೆದಿದೆ ಅಷ್ಟೆ. ಹಳೇ ಬಾಟಲಿ ಬಿಸಾಡು, ಹೊಸದು ತರಿಸು, ಆಮೇಲೆ ಕುಣಿ.

ಸಿಟ್ಟಿನಲ್ಲೂ ಸಂತೋಷವಾಗಿರುವ,
ನಿನ್ನ ಅತ್ತೆ


ಜೂನ್ ೨೮

ಅತ್ತೆ,

ಬೈಗುಳ ಸುಕ್ಷೇಮವಾಗಿ ತಲುಪಿತು. ಬಾಟಲಿ ಬಿಸಾಡಿದೆ. ಬಿಸಾಡುವುದೆಂದರೆ ಕಸಕ್ಕಲ್ಲ, ಆ ಲೋಹ ಚಿನ್ನಕ್ಕಿಂತ ದುಬಾರಿ. ಹಾಳಾದದ್ದನ್ನು ಹಾಕಲು ಇಲ್ಲಿ ಬೇರೆಯದೇ ಪೆಟ್ಟಿಗೆಯಿದೆ, ಅದು ತುಂಬಿದಾಗ ಕರಗಿಸುವವರು ಬಂದು ಒಯ್ಯುತ್ತಾರೆ. ಒಯ್ದರು. ಹೊಸ ಬಾಟಲಿ ಬಂದಿದೆ. ಒಳಗಿನ ಪುಡಿ ಎಷ್ಟು ಕೆಂಪಗಿದೆಯೆಂದರೆ ನೀನು ನೋಡಿದರೆ ಇದರಲ್ಲೇ ಒಂದು ಗೇಟು ಬಳಿಯೋಣ ಅನ್ನುತ್ತಿದ್ದೆ.

ಈಗ ಕೇಳು. ನನ್ನ ಪದಾರ್ಥದ ತುದಿಯಲ್ಲಿ ಇಬ್ಬರು ಇಂಗಾಲದವರು ಎದುರುಬದುರು ನಿಂತು ಎರಡೂ ಕೈ ಹಿಡಿದುಕೊಂಡಿದ್ದಾರೆ. ಅವರಲ್ಲಿ ಒಂದು ಜೊತೆ ಕೈ ಬಿಡಿಸಿದರೆ ಇಬ್ಬರಿಗೂ ಒಂದೊಂದು ಕೈ ಖಾಲಿ. ಒಬ್ಬನ ಕೈಗೆ ಬೋರಾನ್, ಇನ್ನೊಬ್ಬನ ಕೈಗೆ ಹೈಡ್ರೋಜನ್. ನನಗೆ ಬೋರಾನ್ ಕಟ್ಟಕಡೆಯವನ ಕೈಗೇ ಬೇಕು, ಒಳಗಿನವನ ಕೈಗಲ್ಲ. ಬೋರಾನ್ ಯಾಕೆ ಅಂದರೆ, ಅದು ಬಸ್ಸಿನಲ್ಲಿ ಕರ್ಚೀಫು ಹಾಕಿ ಸೀಟು ಹಿಡಿದ ಹಾಗೆ. ಆಮೇಲೆ ಅದನ್ನು ಎತ್ತಿ ಆ ಜಾಗದಲ್ಲಿ ಬೇಕಾದವರನ್ನು ಕೂರಿಸಬಹುದು. ಔಷಧಿ ಮಾಡುವವರಿಗೆ ಅದೇ ಬೇಕು.

ಆದರೆ ಬೋರಾನನ್ನು ಅದರ ಪಾಡಿಗೆ ಬಿಟ್ಟರೆ ಪದಾರ್ಥದ ಇನ್ನೊಂದು ಕಡೆ ಇರುವ ಆಮ್ಲಜನಕದ ಮೇಲೆ ಹೋಗಿ ಬೀಳುತ್ತದೆ. ಅದಕ್ಕೇ ಲೋಹ, ಚಿಟಿಕೆಯಷ್ಟು. ಅದು ದಲ್ಲಾಳಿ. ಎರಡೂ ಕಡೆಯವರನ್ನು ಕರೆತಂದು ಕೂಡಿಸಿ, ತಾನು ಯಾರಿಗೂ ಅಂಟಿಕೊಳ್ಳದೆ ಮುಂದಿನ ಜೋಡಿ ಹುಡುಕಿಕೊಂಡು ಹೋಗುತ್ತದೆ. ನಿನ್ನ ಎನಾಮೆಲ್ ಬಣ್ಣದ ಎಣ್ಣೆಯಲ್ಲೂ ಇಂಥ ಜೋಡಿ ಕೈಗಳಿವೆ. ಗಾಳಿಯ ಆಮ್ಲಜನಕ ಬಂದು ಸೇರಿಕೊಂಡಾಗ ಬಣ್ಣ ಒಣಗಿ ಗಟ್ಟಿಯಾಗುವುದು. ನೀನು ನಾಲ್ಕು ಹನಿ ಹಾಕುತ್ತೀಯಲ್ಲ ಡ್ರೈಯರ್, ಅದರಲ್ಲೂ ಒಂದು ಲೋಹವಿದೆ. ನಿನ್ನದೂ ದಲ್ಲಾಳಿ ವ್ಯವಹಾರವೇ.

ಇಲ್ಲಿ ಒಂದು ಕಟ್ಟಳೆ ಇದೆ. ಒಬ್ಬರ ಕೈಯಲ್ಲಿ ಬಂದದ್ದು ಇನ್ನೊಬ್ಬರ ಕೈಯಲ್ಲೂ ಬರುವ ತನಕ ನಮ್ಮ ಪ್ರಯೋಗಶಾಲೆ ನಡೆಸುವ ಮೇಡಂ ಅದನ್ನು ಅಚ್ಚಿಗೆ ಕಳಿಸುವುದಿಲ್ಲ. ನನ್ನದನ್ನು ಪಕ್ಕದ ಮೇಜಿನವನಿಗೆ ಕೊಟ್ಟಿದ್ದಾರೆ. ಅವನಿಗೆ ನಾವಿಟ್ಟ ಹೆಸರು ಉಗುರುಬೆಚ್ಚ. ಒಮ್ಮೆಯೂ ಬಿಸಿಯಾಗಿ ಮಾತಾಡಿದವನಲ್ಲ, ತಣ್ಣಗೂ ಅಲ್ಲ. ಅವನ ಕೈಯಲ್ಲಿ ಬಂದರೆ ಕೆಲಸ ನನ್ನ ಹೆಸರಿನಲ್ಲಿ ಹೊರಬರುತ್ತದೆ, ಡಿಸೆಂಬರಿಗೆ ಮುಗಿಯುವ ನನ್ನ ಜಾಗ ಮುಂದುವರಿಯುತ್ತದೆ. ಬರದಿದ್ದರೆ ನಿನ್ನ ಗೋದಾಮಿನಲ್ಲಿ ಡಬ್ಬಿ ತೊಳೆಯಲು ಬರುತ್ತೇನೆ.

ನಿನ್ನ ಸೊಸೆ


ಜುಲೈ ೧೨

ಮಗಳೇ,

ಈ ಸಲದ ಕಾಗದ ಮನುಷ್ಯರು ಓದುವ ಹಾಗಿತ್ತು.

ಡ್ರೈಯರ್ ವಿಷಯ ನನ್ನ ಜೊತೆ ಬಣ್ಣ ಬಳಿಯುವ ನಮ್ಮ ಏಣಿಗೆ ಹೇಳಿದೆ. ಅವನ ಎತ್ತರ ನಿನಗೆ ಗೊತ್ತಲ್ಲ, ಬರಬರುತ್ತಾ ಇನ್ನೂ ಉದ್ದವಾಗುತ್ತಿದ್ದಾನೋ ಏನೋ, ಈಗ ಸ್ಟೂಲು ಹತ್ತದೆ ಬಾಗಿಲ ಮೇಲಿನ ಪಟ್ಟಿ ಬಳಿಯುತ್ತಾನೆ.

“ಏಣಿ, ಈ ಶೀಶೆಯಲ್ಲಿ ಏನಿದೆ ಗೊತ್ತೇನೋ?”

“ಡ್ರೈಯರ್ ಅಕ್ಕ.”

“ಡ್ರೈಯರ್ ಒಳಗೆ ಏನಿದೆ?”

“ಕೆಟ್ಟ ವಾಸನೆ ಇದೆ.”

“ಲೋಹ ಇದೆ ಕಣೋ, ಲೋಹ! ನಮ್ಮ ಹುಡುಗಿ ಬರೆದಿದ್ದಾಳೆ.”

ಅವನು ಶೀಶೆಯನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದ. ಆಮೇಲೆ “ಇಷ್ಟು ವರ್ಷ ಚೆಲ್ಲಿದ್ದನ್ನೆಲ್ಲ ಒಟ್ಟು ಮಾಡಿದ್ರೆ ಒಂದು ತಗಡಾದ್ರೂ ಆಗ್ತಿತ್ತೇನೋ ಅಕ್ಕ” ಅಂದ. ಅವನ ತಲೆಗೆ ಅಷ್ಟು ಹೋಯಿತು. ನನ್ನದಕ್ಕೆ ಸ್ವಲ್ಪ ಜಾಸ್ತಿ ಹೋಗಿದೆ. ಕಮಿಷನ್ ತೆಗೆದುಕೊಳ್ಳದ ದಲ್ಲಾಳಿಯನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ, ಅದೊಂದನ್ನು ಮಾತ್ರ ನಂಬಲಾರೆ.

ನಾವೀಗ ಆಸ್ಪತ್ರೆಯಲ್ಲಿದ್ದೇವೆ. ಹೆದರಬೇಡ, ಕೆಲಸಕ್ಕೆ. ಹೆರಿಗೆ ವಾರ್ಡಿನ ಕಿಟಕಿಗಳು, ಕೋಣೆಗಳನ್ನು ಒಂದೊಂದಾಗಿ ಖಾಲಿ ಮಾಡಿಕೊಡುತ್ತಾರೆ. ಪಕ್ಕದ ಕೋಣೆಯಲ್ಲಿ ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಕಿರುಚುತ್ತವಂತೆ, ಏಣಿ ಕಿವಿಗೆ ಹತ್ತಿ ತುರುಕಿಕೊಂಡು ಕೆಲಸ ಮಾಡುತ್ತಾನೆ. ನನಗೆ ಅವು ಬಾಯಿ ತೆರೆಯುವುದು ಮಾತ್ರ ಕಾಣುತ್ತದೆ, ಆಕಳಿಸುವ ಬೆಕ್ಕಿನ ಮರಿಗಳ ಹಾಗೆ. ಕಿವಿ ಹೋದದ್ದಕ್ಕೆ ಮೊದಲ ಸಲ ಲಾಭ ಬಂತು.

ನಿನ್ನ ಉಗುರುಬೆಚ್ಚನಿಗೆ ಹೇಳು, ಬೇಗ ಮಾಡಿ ಮುಗಿಸಲಿ. ಹೊಸ ಬಾಟಲಿ, ಹೊಸ ಪುಡಿ, ಅವನಿಗೇನು ಕಷ್ಟ? ಕಣ್ಣುಮುಚ್ಚಿ ಮಾಡಿದರೂ ಬರಬೇಕು.

ಡಬ್ಬಿ ತೊಳೆಯಲು ನನಗೆ ಜನ ಬೇಕಾಗಿಲ್ಲ.

ಅತ್ತೆ


ಸೆಪ್ಟೆಂಬರ್ ೨

ಅತ್ತೆ,

ಬರೆಯಲು ತಡವಾಯಿತು. ಬರೆಯುವಂಥದ್ದೇನೂ ಇರಲಿಲ್ಲ ಅಂತಲ್ಲ.

ಅವನ ಕೈಯಲ್ಲಿ ಬರಲಿಲ್ಲ. ಬೋರಾನ್ ತುದಿಯವನನ್ನು ಬಿಟ್ಟು ಒಳಗಿನವನ ಕೈ ಹಿಡಿಯಿತು. ಅವನ ಕೈಗುಣ ಇರಬೇಕೆಂದು ನಾನೇ ಮಾಡಿ ನೋಡಿದೆ. ನನಗೂ ಒಳಗೇ ಹೋಯಿತು. ಪಾತ್ರೆ ಬದಲಿಸಿದೆ, ದ್ರಾವಕ ಬದಲಿಸಿದೆ, ಹೊಸದಾಗಿ ಪದಾರ್ಥ ಮಾಡಿದೆ. ಬೋರಾನ್ ಎಲ್ಲಿ ಕೂತಿದೆಯೆಂದು ಗೆರೆ ಎಳೆದು ತೋರಿಸುವ ಮೆಷಿನ್ನಿನಲ್ಲಿ ಗೆರೆಗಳು ಪ್ರತಿ ಸಲವೂ ಅದೇ ತಪ್ಪು ಜಾಗದಲ್ಲಿ ನಿಲ್ಲುತ್ತವೆ, ನಾನು ಜೂನ್‌ನಲ್ಲಿ ಕಂಡದ್ದು ಕನಸೋ ಎಂಬಂತೆ.

ಮೇಡಂ ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. “ಜೂನಿನಿಂದ ಇಲ್ಲೀವರೆಗೆ ಏನೇನು ಬದಲಾಗಿದೆ, ಯೋಚನೆ ಮಾಡಿ ಹೇಳು” ಅಂದರು. ಹೇಳಿದೆ. ಎಲ್ಲ ಕೇಳಿ “ನನಗೆ ಗೊತ್ತಾಗ್ತಿಲ್ಲಮ್ಮ” ಅಂದು ತಮ್ಮ ಕೋಣೆಯ ಬಾಗಿಲನ್ನು ಮೆತ್ತಗೆ ಹಾಕಿಕೊಂಡರು. ಈಗ ನಾನು ಟೀ ಕುಡಿಯುವ ಕೋಣೆಗೆ ಹೋದರೆ ಮಾತು ನಿಲ್ಲುತ್ತದೆ, ಚಮಚದ ಸದ್ದು ಮಾತ್ರ ಉಳಿಯುತ್ತದೆ. ಯಾರೂ ಏನೂ ಅನ್ನುವುದಿಲ್ಲ. ಅನ್ನುತ್ತಿರುವುದು ನನಗೆ ಕೇಳಿಸುತ್ತದೆ.

ನಾನು ಸುಳ್ಳು ಹೇಳಿಲ್ಲ ಅತ್ತೆ. ಆವತ್ತು ಬಂದಿತ್ತು.

ಸೊಸೆ


ಸೆಪ್ಟೆಂಬರ್ ೭

ಮಗಳೇ,

ಬಂದಿತ್ತು ಅಂದರೆ ಬಂದಿತ್ತು. ಚಿಕ್ಕವಳಿದ್ದಾಗ ಗಾಜು ಒಡೆದರೆ ಚೂರು ಹಿಡಿದುಕೊಂಡು ಬಂದು ತೋರಿಸುತ್ತಿದ್ದ ಹುಡುಗಿ ನೀನು. ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಅದನ್ನು ಕಲಿಸುವಷ್ಟು ಪುರುಸೊತ್ತು ನನಗಿರಲಿಲ್ಲ.

ನಿನ್ನ ಮೇಡಂಗೆ ಒಂದು ಕಾಗದ ಬರೆದಿದ್ದೇನೆ. ಗಾಬರಿಯಾಗಬೇಡ, ಈಗಾಗಲೇ ಹಾಕಿಯೂ ಆಯಿತು. ನಿನ್ನ ಕಾಗದದ ತುದಿಯಲ್ಲಿ ವಿಳಾಸವಿತ್ತು. ಏಣಿ ತಡೆಯಲು ನೋಡಿದ.

“ಅಕ್ಕ, ಓದಿದವರಿಗೆ ಬರೆಯೋದು, ಒಂದು ರಾತ್ರಿ ಇಟ್ಟು ಬೆಳಿಗ್ಗೆ ಓದಿ ನೋಡಿ ಹಾಕಿ.”

“ಬೆಳಿಗ್ಗೆ ನನ್ನ ಸಿಟ್ಟು ಇಳಿದಿದ್ರೆ?”

“ಅದಕ್ಕೇ ಹೇಳಿದ್ದು.”

“ಅದಕ್ಕೇ ಈಗ ಹಾಕ್ತಿರೋದು.”

ಅಂಚೆ ಡಬ್ಬಿಯ ತನಕ ನನ್ನ ಹಿಂದೆಯೇ ಬಂದ. ಆ ಉದ್ದದ ಮನುಷ್ಯ ಡಬ್ಬಿಯ ಬಾಯಿಗೆ ಕೈ ಅಡ್ಡ ಇಟ್ಟ, ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡುವ ಹಾಗೆ! ಕೈ ಮೇಲೊಂದು ಬಿಟ್ಟೆ. ಕಾಗದ ಒಳಗೆ ಬಿತ್ತು.

ಏನು ಬರೆದೆ ಅಂತ ಕೇಳಬೇಡ. ನ್ಯಾಯವಾದದ್ದನ್ನೇ ಬರೆದಿದ್ದೇನೆ. ಬೆಳೆದ ಹುಡುಗಿ ತಲೆ ತಗ್ಗಿಸಿಕೊಂಡು ಓಡಾಡುವಾಗ ತನ್ನ ಬಾಗಿಲು ಹಾಕಿಕೊಂಡು ಕೂರುವುದು ಹಿರಿಯರು ಮಾಡುವ ಕೆಲಸವಲ್ಲ ಅಂತ ಬರೆದೆ. ಅದಕ್ಕೆ ಸ್ವಲ್ಪ ಮಸಾಲೆ ಸೇರಿರಬಹುದು. ಅವಳಿಗೂ ಒಂದಿಷ್ಟು ಸುಡಲಿ.

ನೀನು ಉಣ್ಣು. ನಿದ್ದೆ ಮಾಡು. ಟೀ ಕೋಣೆಯಲ್ಲಿ ಮಾತು ನಿಂತರೆ ನೀನೇ ಮಾತು ಶುರುಮಾಡು.

ನಿನ್ನ ಕಡೆಯವಳು,
ಅತ್ತೆ


ಸೆಪ್ಟೆಂಬರ್ ೧೮

ಅಮ್ಮನವರಿಗೆ ನಮಸ್ಕಾರ.

ತಮ್ಮ ಪತ್ರ ತಲುಪಿತು. ಅದರಲ್ಲಿ ನನ್ನನ್ನು ಮೂರು ಪ್ರಾಣಿಗಳಿಗೆ ಹೋಲಿಸಿದ್ದೀರಿ. ಗೂಬೆಯ ಬಗ್ಗೆ ನನ್ನ ತಕರಾರಿಲ್ಲ; ರಾತ್ರಿ ಬಹಳ ಹೊತ್ತು ಎದ್ದಿರುತ್ತೇನೆ.

ನಿಮ್ಮ ಸೊಸೆ ಸುಳ್ಳು ಹೇಳಿದ್ದಾಳೆ ಎಂದು ನಾನು ಯಾರ ಬಳಿಯೂ ಹೇಳಿಲ್ಲ. ‘ನನಗೆ ಗೊತ್ತಿಲ್ಲ’ ಎಂದು ಹೇಳಿದ್ದೇನೆ. ನಮ್ಮ ಕೆಲಸದಲ್ಲಿ ಈ ಎರಡು ಮಾತುಗಳ ನಡುವೆ ಬಹಳ ದೂರವಿದೆ. ಆದರೆ ಆ ದೂರದ ನಡುವೆ ನಿಂತ ಹುಡುಗಿಗೆ ಚಳಿಯಾಗುತ್ತದೆ ಎಂಬುದು ನನಗೆ ಹೊಳೆಯಬೇಕಿತ್ತು. ಅಷ್ಟರ ಮಟ್ಟಿಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಪತ್ರ ಅವಳ ವಿಷಯದ್ದಾದ್ದರಿಂದ ಅವಳಿಗೆ ತೋರಿಸಿದೆ. ಓದಿ ಅವಳು ಎದ್ದು ಹೋದಳು.

ಇನ್ನೊಬ್ಬರ ಕೈಯಲ್ಲಿ ಬರಬೇಕೆಂಬ ಕಟ್ಟಳೆಯನ್ನು ನಾನು ಸಡಿಲಿಸಲಾರೆ. ನನ್ನ ಹರೆಯದಲ್ಲಿ ನನ್ನದೂ ಒಮ್ಮೆ ಇನ್ನೊಬ್ಬರ ಕೈಯಲ್ಲಿ ಬರಲಿಲ್ಲ. ಅದು ಕೊನೆಗೂ ಬರಲಿಲ್ಲ. ಆಗ ನನ್ನ ಪರವಾಗಿ ಇಷ್ಟು ಕೆಟ್ಟ ಪತ್ರವನ್ನು ಬರೆಯಲು ಯಾರೂ ಇರಲಿಲ್ಲ.

ವಿಶ್ವಾಸದಿಂದ,
ನಿಮ್ಮ ಸೊಸೆಯ ಮೇಡಂ


ಅಕ್ಟೋಬರ್ ೧೬

ಮಗಳೇ,

ನಿನ್ನಿಂದ ಕಾಗದವಿಲ್ಲ. ಕೆಲಸ ಜಾಸ್ತಿ ಇರಬೇಕು. ಇಲ್ಲೂ ಜಾಸ್ತಿಯೇ.

ನಿನ್ನ ಮೇಡಂ ಉತ್ತರ ಬರೆದಿದ್ದಾರೆ. ಸಣ್ಣ ಕಾಗದ. ಅಕ್ಷರ ಚೆನ್ನಾಗಿದೆ. ಏಣಿಗೆ ಓದಿ ಹೇಳಿದೆ. ಅವನು ಹೋಗಿ ಬ್ರಷ್ಷು ತೊಳೆದ, ತೊಳೆದ ಬ್ರಷ್ಷನ್ನೇ ಮತ್ತೆ ತೊಳೆದ. ಅವನ ಬೆನ್ನು ನೋಡಿದರೇ ನನಗೆ ಗೊತ್ತಾಗುತ್ತದೆ ಅವನು ಏನು ಅನ್ನುತ್ತಿದ್ದಾನೆಂದು.

ಕಾಲುಚೀಲ ಕಳಿಸಿದ್ದೇನೆ, ಉಣ್ಣೆಯದು. ಅದಕ್ಕೂ ನೀನು ಬರೆಯದಿರುವುದಕ್ಕೂ ಸಂಬಂಧವಿಲ್ಲ. ಚಳಿ ಶುರುವಾಗಿದೆ, ಅಷ್ಟೆ. ಒಂದರ ಹಿಮ್ಮಡಿ ಸ್ವಲ್ಪ ಸಡಿಲವಾಗಿ ಬಂದಿದೆ, ಅದನ್ನು ಎಡಗಾಲಿಗೆ ಹಾಕಿಕೋ.

ವಾರ್ಡಿನಲ್ಲಿ ಈಗ ಹಿಂಬದಿಯ ಕಿಟಕಿಗಳು. ನಿನ್ನೆ ಒಬ್ಬ ದಾದಿ ಒಂದು ಮಗುವನ್ನು ತಂದು ನನ್ನ ಮುಖದ ಹತ್ತಿರ ಹಿಡಿದಳು, ನನ್ನ ಕೂದಲ ಮೇಲಿನ ಬಿಳಿ ಬಣ್ಣ ಅದಕ್ಕೆ ತಮಾಷೆಯಾಗಿತ್ತಂತೆ. ನಕ್ಕಿತೋ ಅತ್ತಿತೋ ತಿಳಿಯಲಿಲ್ಲ. ಬಾಯಂತೂ ದೊಡ್ಡದಾಗಿ ತೆರೆದಿತ್ತು.

ಎರಡು ಸಾಲು ಬರಿ. ಬೈದಾದರೂ ಬರಿ.

ಅತ್ತೆ


ನವೆಂಬರ್ ೬

ಅತ್ತೆ,

ಬೈಯಬೇಕೆಂದೇ ಬರೆಯಲು ಕೂತಿದ್ದೆ, ಎಷ್ಟೋ ಸಲ. ನಿನ್ನ ಕಾಗದ ಓದಿದ ಮೇಲೆ ಮೇಡಂ ಮುಖ ನೋಡುವುದು ಹೇಗೆಂದು ನಾನು ಬೇರೆ ಮೆಟ್ಟಿಲಿನಿಂದ ಹತ್ತಿ ಇಳಿಯುತ್ತಿದ್ದೆ. ಕಾಲುಚೀಲ ಬಂದಾಗಲೂ ಸಿಟ್ಟಿತ್ತು. ಹಾಕಿಕೊಂಡೆ. ಆಮೇಲೆ ಸಿಟ್ಟು ಹಿಡಿದಿಟ್ಟುಕೊಳ್ಳುವುದು ಕಷ್ಟವಾಯಿತು.

ಈಗ ನಡೆದದ್ದನ್ನು ಹೇಳುತ್ತೇನೆ, ಕೂತುಕೊಂಡು ಓದು.

ಮೊನ್ನೆ ಟೀ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಉಗುರುಬೆಚ್ಚ ಲೋಟ ಹಿಡಿದು ಬಂದು ಎದುರಿಗೆ ಕೂತ. ಇಷ್ಟು ದಿನ ನನ್ನಲ್ಲಿ ತಪ್ಪು ಹುಡುಕುತ್ತಿದ್ದಾನೆ ಅಂದುಕೊಂಡಿದ್ದೆ.

“ಜೂನ್‌ನಲ್ಲಿ ನೀವು ಬಳಸಿದ್ದು ಈ ಬಾಟಲಿನೇನಾ?” ಅಂದ.

“ಅಲ್ಲ, ಅದು ಹಳೇದು. ಹಾಳಾಗಿತ್ತು. ಬಿಸಾಡಿಬಿಟ್ಟೆ.”

“ಹಾಳಾಗಿತ್ತು ಅಂತ ಯಾರು ಹೇಳಿದ್ರು?”

“ನಮ್ಮತ್ತೆ.”

“ಅವರದೂ ಕೆಮಿಸ್ಟ್ರಿನಾ?”

“ಇಲ್ಲ. ಬಾಗಿಲು, ಕಿಟಕಿ.”

ಅವನು ಲೋಟ ಕೆಳಗಿಟ್ಟ. ಇಟ್ಟು ನಕ್ಕ. ಅತ್ತೆ, ಅವನು ನಗುವುದನ್ನು ಆ ಕಟ್ಟಡದಲ್ಲಿ ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ; ಬಾಗಿಲಲ್ಲಿ ಇಬ್ಬರು ಬಂದು ಇಣುಕಿದರು. ಅವನು ನಗುತ್ತಿರುವಾಗಲೇ ನನಗೆ ಬಾಟಲಿಯ ವಿಷಯ ಹೊಳೆಯಿತು. ಬದಲಾದದ್ದು ಅದೇ. ಅದೊಂದನ್ನೇ ನಾನು ಮೇಡಂಗೆ ಹೇಳಿರಲಿಲ್ಲ.

ಇಬ್ಬರೂ ಹೋದೆವು.

“ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?” ಅಂದರು ಮೇಡಂ.

“ಕೆಟ್ಟದ್ದನ್ನ ತೆಗೆದು ಒಳ್ಳೇದು ಇಟ್ಟೆ ಮೇಡಂ. ಒಳ್ಳೇದರಿಂದ ಕೆಡುತ್ತೆ ಅಂತ ಹೊಳೀಲೇ ಇಲ್ಲ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನನಗೂ ಹೊಳೀಲಿಲ್ಲ” ಅಂದರು.

ಅವರಿಗೆ ಈಗ ಅನ್ನಿಸುತ್ತಿರುವುದು ಇದು: ಆ ಸೀಳಿದ ಮುಚ್ಚಳದಿಂದ ವರ್ಷಗಟ್ಟಲೆ ಗಾಳಿ ಒಳಗೆ ಹೋಗಿ ಪುಡಿ ಬೇರೆಯೇ ಆಗಿತ್ತು. ಶುದ್ಧವಾದ ಕೆಂಪು ಪುಡಿ ಬೋರಾನನ್ನು ಒಳಗಿನವನ ಹತ್ತಿರ ಒಯ್ಯುತ್ತದೆ, ಗಾಳಿ ಕುಡಿದದ್ದು ತುದಿಯವನ ಹತ್ತಿರ. ಬರೀ ಅನಿಸಿಕೆ. ಹಳೇ ಬಾಟಲಿ ಕರಗಿ ಹೋಗಿದೆ, ಕೇಳಲು ಅದಿಲ್ಲ. ಹಾಗಾಗಿ ಹೊಸ ಪುಡಿಯನ್ನು ಗಾಜಿನ ತಟ್ಟೆಯಲ್ಲಿ ಹರಡಿ ಬೇಕೆಂದೇ ಗಾಳಿಗೆ ಇಟ್ಟಿದ್ದೇವೆ. ಅದಕ್ಕೆ ಎಷ್ಟು ದಿನ ಗಾಳಿ ಬೇಕೋ ಯಾರಿಗೂ ಗೊತ್ತಿಲ್ಲ. ನಾನೊಂದು ತಟ್ಟೆ, ಅವನೊಂದು ತಟ್ಟೆ, ಬೇರೆ ಬೇರೆ ಕೋಣೆ. ಮುಗಿಯುವ ತನಕ ಇಬ್ಬರೂ ಕೆಲಸದ ಬಗ್ಗೆ ಒಂದು ಮಾತೂ ಆಡಬಾರದೆಂದು ಮೇಡಂ ಅಪ್ಪಣೆ. ಆಗದಿದ್ದರೆ ಡಿಸೆಂಬರಿಗೆ ಮುಗಿಯಿತು.

ನಿನ್ನ ಮೇಲೆ ತಪ್ಪು ಹಾಕಲು ಬರೆಯುತ್ತಿಲ್ಲ. ಬಾಟಲಿ ಎತ್ತಿ ಬಿಸಾಡಿದ ಕೈ ನನ್ನದು.

ಸೊಸೆ


ನವೆಂಬರ್ ೧೩

ಮಗಳೇ,

ಕೂತುಕೊಂಡೇ ಓದಿದೆ. ಎದ್ದು ನಿಲ್ಲಲು ಹೊತ್ತು ಹಿಡಿಯಿತು.

ಕೈ ನಿನ್ನದಿರಬಹುದು. ಬಾಯಿ ನನ್ನದು. ಅದರ ಬಗ್ಗೆ ಇನ್ನು ಮುಂದೆ ಬರೆಯುವುದಿಲ್ಲ, ನೀನೂ ಬರೆಯಬೇಡ.

ಒಂದು ಮಾತು ಮಾತ್ರ. ನನ್ನ ಗೋದಾಮಿನಲ್ಲಿ ನನ್ನ ಕಟ್ಟಳೆ ಸರಿ. ಅದನ್ನು ಬದಲಿಸುವುದಿಲ್ಲ, ಯಾವ ಮೇಡಂ ಬಂದು ಹೇಳಿದರೂ ಅಷ್ಟೇ. ಆದರೆ ಇನ್ನು ನಾನು ನಿನ್ನ ಕೆಲಸದ ಬಗ್ಗೆ ಬುದ್ಧಿ ಹೇಳಿದರೆ ಅದನ್ನು ಹರಟೆ ಅಂತ ಓದಿಕೊಂಡು ಪಕ್ಕಕ್ಕಿಡು. ಊಟ, ನಿದ್ದೆ, ಚಳಿ, ಈ ಮೂರರಲ್ಲಿ ಮಾತ್ರ ನನ್ನ ಮಾತು ಕೇಳು.

ಏಣಿ ದಿನಾ ಕೇಳುತ್ತಿದ್ದಾನೆ, ತಟ್ಟೆ ಏನಾಯಿತು ಅಂತ. ನಾನು ಕೇಳುತ್ತಿಲ್ಲ.

ಏನಾದರೂ ಆದ ತಕ್ಷಣ ಬರಿ.

ಅತ್ತೆ


ಡಿಸೆಂಬರ್ ೧೫

ಅತ್ತೆ,

ಬಂತು.

ಮೊದಲ ತಟ್ಟೆಯಲ್ಲಿ ಬರಲಿಲ್ಲ; ಗಾಳಿ ಸಾಲದೆ ಅರ್ಧ ಒಳಗೆ ಅರ್ಧ ತುದಿಗೆ ಕೂತಿತ್ತು. ಎರಡನೆಯದಕ್ಕೆ ಇನ್ನೂ ಕಾದೆ, ಪುಡಿ ಆ ಹಳೇ ಬಾಟಲಿಯ ಬಣ್ಣಕ್ಕೆ ತಿರುಗುವ ತನಕ. ಆ ಬಣ್ಣ ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಮೆಷಿನ್ನಿನ ಮುಂದೆ ಹೋಗಿ ನಿಂತೆ. ಗೆರೆಗಳು ಜೂನಿನ ಜಾಗದಲ್ಲೇ ನಿಂತವು. ನೂರರಲ್ಲಿ ಎಂಬತ್ತೆರಡು ತುದಿಗೆ.

ಮೇಡಂ ಇಬ್ಬರನ್ನೂ ಕರೆದು ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಅವನದೂ ತುದಿಗೇ. ನನ್ನ ಜಾಗ ಮುಂದುವರಿಯಿತು, ಕೆಲಸ ನನ್ನ ಹೆಸರಿನಲ್ಲಿ ಹೊರಡುತ್ತದೆ. ಟೀ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಲು ಶುರುಮಾಡಿದರು, ತಲೆನೋವು ಬಂತು.

ಆದರೆ ಒಂದು ವಿಷಯ ನಿನಗಲ್ಲದೆ ಇನ್ಯಾರಿಗೂ ಹೇಳಲಾರೆ. ಅವನದು ತೊಂಬತ್ತೊಂದು! ನಾನು ಕಂಡುಹಿಡಿದದ್ದು, ನಾನು ಅತ್ತದ್ದು, ನಾನು ಬೇರೆ ಮೆಟ್ಟಿಲು ಹತ್ತಿ ಇಳಿದದ್ದು. ಅವನು ಬಂದು ತಟ್ಟೆಯಿಟ್ಟು ತೊಂಬತ್ತೊಂದು ಎತ್ತಿಕೊಂಡು ಹೋದ. ಮೇಡಂ ಎರಡೂ ಅಂಕಿ ಬರೆಯಬೇಕೆಂದಿದ್ದಾರೆ. ಅವನು ಏನಂದ ಗೊತ್ತೇ? “ಪರವಾಗಿಲ್ಲ, ಬಂತು.” ಅಷ್ಟೆ! ಉಗುರುಬೆಚ್ಚಗೆ!

ಸಂತೋಷದಲ್ಲೂ ಸಿಟ್ಟಾಗಿರುವ,
ನಿನ್ನ 
ಸೊಸೆ

ಮೇಡಂ ಒಂದು ಮಾತು ಕೇಳಿದರು: “ನಿಮ್ಮತ್ತೆನ ಒಂದ್ಸಲ ನೋಡ್ಬೇಕಲ್ಲ?” ಯಾಕೆಂದು ಹೇಳಲಿಲ್ಲ. ಮುಖ ನೋಡಿದರೆ ಸಿಟ್ಟು ಇದ್ದ ಹಾಗಿರಲಿಲ್ಲ.


ಡಿಸೆಂಬರ್ ೨೨

ಮಗಳೇ,

ವಾರ್ಡಿನಲ್ಲಿ ಓದಿದೆ, ಕೈಯೆಲ್ಲ ಬಣ್ಣ. ನಿನ್ನ ಕಾಗದದ ಮೇಲೆ ನನ್ನ ಹೆಬ್ಬೆರಳು ಒತ್ತಿದೆ, ಆಸ್ತಿಪತ್ರದ ಹಾಗೆ. ನಾನು “ಬಂತು!” ಅಂದದ್ದು ಜೋರಾಗಿರಬೇಕು. ನನಗೇನು ಗೊತ್ತು? ದಾದಿ ಓಡಿಬಂದಳು, ಯಾರಿಗೋ ಹೆರಿಗೆ ಆಯಿತು ಅಂದುಕೊಂಡು. ಏಣಿ ಬ್ರಷ್ಷು ಹಿಡಿದುಕೊಂಡೇ ಗೋಡೆಗೆ ತಿರುಗಿ ನಿಂತ. ಕಣ್ಣಿಗೆ ಟರ್ಪೆಂಟೈನ್ ತಾಗಿತಂತೆ. ಅವನ ಹತ್ತಿರ ಟರ್ಪೆಂಟೈನ್ ಡಬ್ಬಿಯೇ ಇರಲಿಲ್ಲ.

ತೊಂಬತ್ತೊಂದರ ಸಂಕಟ ಓದಿ ನಕ್ಕೆ. ನಗುವೆನೆಂದು ಗೊತ್ತಿದ್ದೇ ನನಗೆ ಬರೆದಿದ್ದೀಯ. ನೋಡು, ಬುದ್ಧಿ ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ, ಇದನ್ನು ಹರಟೆ ಅಂತಲೇ ಓದಿಕೋ. ನಿನ್ನ ಒಂದು ಕೈಯಲ್ಲಿ ಮಾತ್ರ ಬಂದದ್ದು ಬರೀ ನಿನ್ನ ಮಾತು. ಅದನ್ನು ನಂಬಲು ನನ್ನಂಥ ಅತ್ತೆ ಬೇಕು. ಅಂಥವಳು ಊರಿಗೊಬ್ಬಳೂ ಸಿಗುವುದಿಲ್ಲ. ಈಗ ನಿನ್ನ ಬಗ್ಗೆ ಏನೂ ಗೊತ್ತಿಲ್ಲದ, ನಿನಗಾಗಿ ಅಳದ, ಕುಣಿಯದ ಒಬ್ಬ ಮನುಷ್ಯನ ಕೈಯಲ್ಲಿ ಬಂತು. ನಿನಗಿಂತ ಚೆನ್ನಾಗಿಯೂ ಬಂತು. ಇನ್ನು ಅದನ್ನು ಯಾರೂ ನಂಬಬೇಕಾಗಿಯೇ ಇಲ್ಲ. ಅದು ಇದೆ, ಅಷ್ಟೆ. ಇಷ್ಟು ತಿಳಿಯಲು ನನಗೆ ಆರು ತಿಂಗಳು ಹಿಡಿಯಿತು. ನಿಮ್ಮ ಮೇಡಂ ಆ ಕಟ್ಟಳೆ ಯಾಕೆ ಬಿಟ್ಟುಕೊಡಲಿಲ್ಲ ಅನ್ನುವುದೂ ಈಗ ತಿಳಿಯಿತು. ಬಿಟ್ಟುಕೊಟ್ಟಿದ್ದರೆ ನಾನು ಆಗ ಸಂತೋಷಪಡುತ್ತಿದ್ದೆ. ನಿನಗೆ ಮಾತ್ರ ಜೀವಮಾನವಿಡೀ ಆ ಟೀ ಕೋಣೆಯ ಚಮಚದ ಸದ್ದು ಕೇಳಿಸುತ್ತಿತ್ತು.

ಅವನಿಗೂ ಒಂದು ಜೊತೆ ಕಾಲುಚೀಲ ಹೆಣೆಯುತ್ತಿದ್ದೇನೆ. ಅಳತೆ ಕೇಳಿ ಬರಿ. ಹಲ್ಲು ಕಿರಿಯಬೇಡ, ಅಳತೆ ಮಾತ್ರ ಕೇಳು.

ಬರುವ ತಿಂಗಳು ಕಿಟಕಿಗಳ ಕೆಲಸ ಮುಗಿಯುತ್ತದೆ. ಆಗ ಬರುತ್ತೇನೆ. ನಿಮ್ಮ ಮೇಡಂ ಕೋಣೆಯಲ್ಲಿ ನನಗೊಂದು ಕುರ್ಚಿ ಹಾಕಿಸು. ಕ್ಷಮೆ ಕೇಳುವ ಮಾತು ನನ್ನ ನಾಲಿಗೆಗೆ ಬರುವುದಿಲ್ಲ, ಪ್ರಯತ್ನಪಟ್ಟರೆ ನಡುವೆ ಇನ್ನೊಂದು ಪ್ರಾಣಿ ಬಂದುಬಿಡುತ್ತದೆ. ಹಾಗಾಗಿ ಒಂದು ಲೋಟ ಟೀ ಮುಗಿಯುವ ತನಕ ಅವರೆದುರಿಗೆ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ. ಅವರು ಏನು ಬೇಕಾದರೂ ಅನ್ನಲಿ, ಜೋರಾಗಿ ಅಂದರೆ ಕೇಳಿಸುತ್ತದೆ.

ಅವರಿಗೆ ಮೊದಲೇ ಹೇಳಿಡು: ಇಷ್ಟು ಮೌನ ನನ್ನ ಗಂಡನಿಗೂ ಸಿಕ್ಕಿರಲಿಲ್ಲ.

ನಿನ್ನ ಅತ್ತೆ